ಅರ್ಧ ಮನೆ

ಹೆಸರು ಬ್ಯಾರಿ ಥಾಕ್ವೆಲ್ ಅಂದಾಗ
ಅಡುಗೆಮನೆಯಿಂದ ಉಪ್ಪಿನಂಗಡಿಯ ಮೋನಬ್ಬ
ಸೌಟು ಹಿಡಿದೇ ಇಣುಕಿ ನಕ್ಕಿದ್ದ:
"ನಮ್ಮವನೇ ಮಾರಾಯ, ಬಣ್ಣ ಮಾತ್ರ ಬಿಟ್ಟಿದೆ."

ಹೂರಾದ ಆ ಹೋಟೆಲಿಗೆ ಅವನು ಬಂದದ್ದು
ಮೂರು ತಿಂಗಳ ಕಾಂಟ್ರಾಕ್ಟಿಗೆ.
ಉಳಿದದ್ದು ಹನ್ನೊಂದು ವರ್ಷ.
ಮನಾಮಾದಲ್ಲಿ ಎಲ್ಲರ ಲೆಕ್ಕವೂ ಹೀಗೇ;
ನಾನೂ ಎರಡೇ ವರ್ಷಕ್ಕೆಂದು ಬಂದವನು.

ನನ್ನ ಕೆಲಸ ಏಸಿ, ಲಿಫ್ಟು, ಅಡುಗೆಮನೆಯ ಮೋರಿ.
ಪಿಯಾನೋ ನನ್ನ ಪಾಲಿಗೆ ಬಿದ್ದದ್ದು
ಬಾರ್ಕೂರಿನಲ್ಲಿ ಅಪ್ಪ ವಾಲಗ ಊದುತ್ತಿದ್ದನೆಂದು
ಮ್ಯಾನೇಜರನ ಮುಂದೆ ಬಾಯಿ ಬಿಟ್ಟದ್ದಕ್ಕೆ.
ಹೊರಗೆ ಆಗಸ್ಟಿನ ಹಬೆ, ಒಳಗೆ ಹದಿನೆಂಟು ಡಿಗ್ರಿ;
ನಡುವೆ ಸಿಕ್ಕ ಮರ ಉಬ್ಬುತ್ತದೆ, ಕುಗ್ಗುತ್ತದೆ,
ಇನ್ನೂರ ಚಿಲ್ಲರೆ ತಂತಿ ಒಂದೊಂದೂ
ತನ್ನದೇ ಮಾತಾಡುತ್ತದೆ.
ಕೀಲಿ ತಿರುಗಿಸಲು ಅವನೇ ಕಲಿಸಿದ:
"ಬೆರಳಿನಿಂದಲ್ಲ, ಭುಜದಿಂದ. ದೋಣಿ ಎಳೆಯುವ ಹಾಗೆ."

ಅಪ್ಪ ಗ್ರಿಮ್ಸ್‌ಬಿಯ ಮೀನಿನ ಧಕ್ಕೆಯಲ್ಲಿ.
ಅಮ್ಮ ಭಾನುವಾರದ ಪ್ರಾರ್ಥನೆಗೆ ಪಿಯಾನೋ.
ಎಷ್ಟು ಸೋಪು ಹಚ್ಚಿದರೂ ಬಿಡದ ವಾಸನೆ
ಬಿಳಿ ಕಟ್ಟೆಗಳಿಗೆ ಅಂಟಿಕೊಂಡಿತ್ತಂತೆ.
"ರಾಕ್ ಅಂದರೆ ಅಷ್ಟೇ ಕಣೋ,
ದೇವರ ಹಾಡಿಗೆ ಮೀನಿನ ವಾಸನೆ."

ಇಪ್ಪತ್ತಮೂರಕ್ಕೆ ಅವನದೊಂದು ರೆಕಾರ್ಡು
ಏಳು ವಾರ ಎರಡನೆಯ ಸ್ಥಾನದಲ್ಲಿ ನಿಂತಿತ್ತು.
ಒಂದಕ್ಕೆ ಏರಲಿಲ್ಲ. ಮೇಲೆ ಕೂತದ್ದು
ಒಂದು ನಾಯಿಮರಿಯ ಹಾಡು.
ಬೂಟುಗಾಲಲ್ಲಿ ಪಿಯಾನೋ ಹತ್ತಿ ಕುಣಿದವನು,
ಪೇಪರಿನವರ ಫೋಟೋಕ್ಕೆಂದು ಒಂದನ್ನು
ಲೀಡ್ಸಿನ ಕಾಲುವೆಗೆ ತಳ್ಳಿದವನು.
ಹೇಳಿ ಅವನು ನಕ್ಕಾಗ ನಾನು ನಗಲಿಲ್ಲ,
"ಯಾವ ಕಂಪನಿಯದು?" ಅಂದೆ.
ಆಮೇಲೆ ಬಹಳ ಹೊತ್ತು ಅವನೂ ನಗಲಿಲ್ಲ.

ದುಡ್ಡು ಮ್ಯಾನೇಜರು ತಿಂದ, ತೆರಿಗೆಯವರು ತಿಂದರು,
ಉಳಿದದ್ದನ್ನು ಮೂಗಿನಿಂದ ಎಳೆದೆ ಅಂದ.
ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು.

ಸೇತುವೆ ದಾಟಿ ಬಂದವರು, ಜುಫೇರಿನ ನೌಕಾದಳದ ಹುಡುಗರು,
ಯಾರಾದರೂ ಒಬ್ಬ ಆ ಏಳು ವಾರದ ಹಾಡನ್ನೇ ಕೇಳುತ್ತಿದ್ದ.
ಅದರ ಮೂರನೆಯ ಚರಣದ ತುದಿಯಲ್ಲಿ ಒಂದು ಏರು.
ಒಂದು ರಂಜಾನು ಕಳೆದ ವಾರ
ಆ ಏರಿನಲ್ಲಿ ದನಿ ಹರಿಯಿತು,
ಹಳೆ ಲುಂಗಿ ಹರಿದ ಹಾಗೆ, ಸದ್ದು ಮಾಡಿ.

ರಾತ್ರಿ ಎರಡಕ್ಕೆ ನನ್ನ ರೂಮಿನ ಬಾಗಿಲು ಬಡಿದ.
"ಇಡೀ ಪಿಯಾನೋವನ್ನು ಅರ್ಧ ಇಳಿಸು."
"ನೀವೇ ಒಂದು ಕಟ್ಟೆ ಕೆಳಗಿಂದ ಬಾರಿಸಬಹುದಲ್ಲ?"
ಬೆರಳು ಚಾಚಿದ. ಹಸಿ ಶುಂಠಿಯ ಗೆಣ್ಣು.
"ಇವಕ್ಕೆ ಗೊತ್ತಿರುವುದು ಒಂದೇ ದಾರಿ."

ನಮ್ಮಲ್ಲಿ ಶ್ರುತಿಗೆ ಮನೆ ಅನ್ನುತ್ತೇವೆ, ಅಂದೆ,
ಒಂದು ಮನೆ, ಎರಡು ಮನೆ, ಎರಡೂವರೆ.
"ಹಾಗಾದರೆ ನೀನು ಬಾಡಿಗೆದಾರನನ್ನು
ಅರ್ಧರ್ಧ ಮನೆಯಾಗಿ ಖಾಲಿ ಮಾಡಿಸುತ್ತಿದ್ದೀಯ."

ಮೂರು ಸಲ ಇಳಿಸಿದೆ. ಯಾರಿಗೂ ತಿಳಿಯಲಿಲ್ಲ.
ಹೊಸವರ್ಷಕ್ಕೆ ಬಂದ ಗೋವಾದ ಸ್ಯಾಕ್ಸೋಫೋನಿನವ ಮಾತ್ರ
ಮೊದಲ ಸ್ವರಕ್ಕೇ ತಿರುಗಿ ನನ್ನನ್ನು ನೋಡಿದ,
ಬಾಯಿತುಂಡು ಒಂದಿಷ್ಟು ಹೊರಗೆಳೆದುಕೊಂಡು
ಸುಮ್ಮನೆ ಊದಿದ.

ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿಸಿದೆ, ತಂಗಿಯ ಮನೆಗೆ.
ಕೀಲಿ ನನ್ನ ಜೇಬಲ್ಲೇ ಉಳಿಯಿತು. ಅವನು ಕೇಳಲಿಲ್ಲ.

ಸಿಬುವಿನಿಂದ ಬಂದ ಹೊಸ ಹುಡುಗಿ ರೋವೆನಾ
ಒಮ್ಮೆ ಕೈಯಿಟ್ಟು ಹುಬ್ಬು ಗಂಟಿಕ್ಕಿದಳು:
"ಇದು ಮುಳುಗಿದೆ. ಎತ್ತಿ."
ಒಂದೇ ದಿನ ಎತ್ತಿದರೆ ತಂತಿ ಹರಿಯುತ್ತದೆ,
ಒಂದು ತಿಂಗಳು ಕೊಡಿ ಅಂದೆ.

ಶುರು ಮಾಡುವ ಹಿಂದಿನ ರಾತ್ರಿ
ಕುರ್ಚಿಗಳನ್ನು ಮೇಜಿಗೇರಿಸಿ ಎಲ್ಲರೂ ಹೋದ ಮೇಲೆ
ಎರಡೇ ಬೆರಳಲ್ಲಿ ಆ ಹಾಡು ಹುಡುಕಿದೆ.
ಮೂರನೆಯ ಚರಣದ ಏರು
ಐವತ್ತೆಂಟರ ನನ್ನ ಗಂಟಲಿಗೆ
ಸಲೀಸಾಗಿ ಸಿಕ್ಕಿತು.
ಇನ್ನೊಮ್ಮೆ ಹಾಡಿದೆ.
ಏಸಿ ಆರಿಸಿದ್ದೆ; ಬೆವರು ಕಟ್ಟೆಗಳ ಮೇಲೆ ತೊಟ್ಟಿಕ್ಕಿತು.
ಒರೆಸಿ, ಕೀಲಿ ಹಾಕಿದೆ,
ಭುಜದಿಂದ.