ಬಣ್ಣದ ಅಡ್ಡಹೆಸರು

ಸೋಮವಾರ ಹತ್ತೂವರಿಗೆ, ಬೆಟಗೇರಿಯ
ನೂಲಿನಂಗಡಿ ಮ್ಯಾಲಿನ ನಮ್ಮ ಖೋಲಿಯೊಳಗ
ಮೌನೇಶ ಕುರ್ಚಿ ಹಿಂದಕ ಸರಿಸಿ
‘ಜೋಡಿ ನಿಂತತ್ರೀ’ ಅಂದ.
ಗೋಡಿ ಗಡಿಯಾರ ನಿಂತಂಗ ಹೇಳಿದ.

ಅದನ್ನ ಕಟ್ಟಿದಾತ ನಾಕ ಸಾಲು ಬರದಿದ್ದ:
ಎಡಿಟರೇ ಈಗ ಈ ಕೆಲಸ ಮಾಡತೈತಿ,
ನಾನಿನ್ನ ಇದನ್ನ ಮುಟ್ಟಾಂಗಿಲ್ಲ,
ಮಗಳು ಸಾಲಿಗೆ ಹೊಂಟಾಳ, ನನಗ ನಿದ್ದಿ ಬೇಕಾಗೇತಿ.
ಇಷ್ಟು ದಿನ ಬಳಸಿದ್ರಿ, ಶರಣು.

ಜೋಡಿ ಅಂದ್ರ ದೊಡ್ಡದೇನಲ್ಲ.
ಒಂದು ಕಂಸ ತೆರದರ ಅದು ಎಲ್ಲಿ ಮುಚ್ಚತೈತಿ
ತೋರಿಸ್ತಿತ್ತು. ಅಷ್ಟ.
ನೇಕಾರ ಸೊಸಾಯಿಟಿ ಲೆಕ್ಕದ ಪ್ರೋಗ್ರಾಮಿನ್ಯಾಗ
ಕಂಸದೊಳಗ ಕಂಸ, ಅದರೊಳಗ ಮತ್ತೊಂದು,
ಮಗ್ಗದ ಕುಣಿಗೆ ಇಳಿದಂಗ ಇಳೀಬೇಕು;
ಏರಿ ಬರಾಕ ಇದೊಂದು ಮೆಟ್ಟಲಾ ಇತ್ತು.

ಗಿರಿಜಾ ಅಸುಂಡಿ ಸಿಟ್ಟಿಗೆದ್ದಳು:
‘ಪುಕ್ಕಟ ಕೊಟ್ಟರೇನಾತು, ರೂಢಿ ಹಚ್ಚಿದಮ್ಯಾಲ
ಹಿಂಗ ಕೈ ಬಿಡೂದೇನು?’
ಒಂದು ತಾಸಿಗೆ ತಾನ ನಕ್ಕು
‘ಐದು ವರ್ಷದಾಗ ಒಂದು ಪೈಸಾ ಕಳಿಸಿಲ್ಲ ನಾವು’ ಅಂದಳು.
ಮೌನೇಶ ಅಪ್ಡೇಟ್ ಬಂದ್ ಮಾಡಿ,
ಹಳೇದರಾಗ ಇರ್ತೇನಿ ಅಂತ ಹಠ ಹಿಡದು ಕುಂತ.
ದಾದಾಪೀರ ಪರದೆಯಿಂದ ಕಣ್ಣು ಎತ್ತಲಿಲ್ಲ:
‘ಬಾಡಿಗಿ ಮನಿ ಬಿಟ್ಟು ಸ್ವಂತ ಮನಿಗಿ ಬಂದಂಗ ಆತು.
ಜಲ್ದಿ ಓಡತೈತಿ. ಅಳೂದೇನೈತಿ?’
ಖರೇನ. ಅಳೂದೇನೂ ಇರಲಿಲ್ಲ.
ಮಿರ್ಚಿ ತರಿಸಿ ತಿಂದಿವಿ.

ನನ್ನ ಸಂಗತಿ ಬ್ಯಾರೆ.

ನಮ್ಮ ಅಡ್ಡಹೆಸರು ಬಣ್ಣದ.
ಮೂರು ತಲಿಮಾರು ನೂಲಿಗೆ ಬಣ್ಣ ಹಾಕಿದ ಮನಿ.
ನಾ ಹತ್ತು ವರ್ಷದವನಿದ್ದಾಗ ಅಪ್ಪ
ಕೆಂಪು ಲಡಿ ತಾ ಅಂದ, ಹಸರು ಒಯ್ದು ಕೊಟ್ಟೆ.
ಮತ್ತ ಅಂದ. ಮತ್ತ ಹಸರು.
ಚಾಷ್ಟಿ ಅನಕೊಂಡು ಕಪಾಳಕ್ಕ ಒಂದು ಬಿಟ್ಟ.
ಕಣ್ಣಿನ ಡಾಕ್ಟರು ಚುಕ್ಕಿ ಚುಕ್ಕಿ ಪುಸ್ತಕ ತೋರಿಸಿ
‘ಇವಗ ಎರಡೂ ಒಂದ’ ಅಂದಾಗ
ಅಪ್ಪ ದಾರಿಯುದ್ದಕ್ಕೂ ಸುಮ್ಮನ ನಡದ.
ಕಟ್ಟಿ ಮುಂದ ಬಂದು, ನೀಲಿ ಹತ್ತಿದ ಕೈಲೆ
ಅದ ಕಪಾಳ ಒಮ್ಮೆ ಸವರಿದ.
ಕೊಪ್ಪರಿಗಿ ತಮ್ಮಗ ಹೋತು.

ಜೋಡಿ ಮೊದಲ ಬಂದಾಗ ಅದೂ ಬಣ್ಣದಾಟನ:
ಕೆಂಪಿಗೆ ಕೆಂಪು, ಹಸರಿಗೆ ಹಸರು.
ನನಗ ಎಲ್ಲಾ ಒಂದ ಕೆಸರು.
ಮುರುಕು ಇಂಗ್ಲಿಷಿನ್ಯಾಗ ಬರದೆ ಆತಗ:
ಅಣ್ಣಾ, ನನಗ ಕಾಣಾಂಗಿಲ್ಲ.
ಕೆಳಗ ಬಣ್ಣದ, ಗದಗ ಅಂತ ಸಹಿ.
ಅದರ ಅರ್ಥ ಆತಗೇನು ಗೊತ್ತು.
ನಾಕನೇ ದಿನಕ್ಕ ಉತ್ತರ:
ನನಗಿದು ಹೊಳದಿರಲಿಲ್ಲ. ಈಗ ನೋಡು.

ನೋಡಿದೆ.
ಹೊರಗಿನ ಜೋಡಿಗೆ ದಪ್ಪ ಗೆರಿ, ಒಳಗಿನದಕ್ಕ ತೆಳು,
ಅದರೊಳಗ ಚುಕ್ಕಿ, ಇನ್ನೂ ಒಳಗ
ಟಾಕಿ ಹಾಕಿದಂಗ ತುಂಡು ತುಂಡು.
ಹೆಸರು ಗೊತ್ತಿಲ್ಲದ ಊರಾಗ ಒಬ್ಬ
ನನ್ನ ಕಣ್ಣಿನ ಅಳತಿ ಹಿಡದು ಹೊಲದಿದ್ದ.

ಎಡಿಟರಿನೊಳಗ ಬಂದ ಹೊಸಾದು ಚಂದೈತಿ ಅಂತಾರ.
ಬಣ್ಣ ಐತಿ.
ಗೆರಿ ಇಲ್ಲ.

ಸಂಜಿಕ ಎಲ್ಲಾರೂ ಕೆಳಗಿಳದಮ್ಯಾಲ
ಜೋಡಿಯ ಹೊಟ್ಟಿ ಬಿಚ್ಚಿ ನೋಡಿದೆ.
ಎಲ್ಲಾರಿಗೂ ತೆರದಿಟ್ಟಾನ ಪುಣ್ಯಾತ್ಮ.
ಗೆರಿ ಎಳಿಯೂ ಭಾಗ ಬರೇ ನಲವತ್ತು ಸಾಲು,
ಅಲ್ಲಲ್ಲೆ ತ್ಯಾಪಿ, ಒಂದು ಕಡೆ ತಪ್ಪೂ ಇತ್ತು.
ಅದರ ನೆತ್ತಿ ಮ್ಯಾಲ,
ಕಂಪ್ಯೂಟರ್ ಓದದ ಒಂದು ಟಿಪ್ಪಣಿ:
ಗದಗಿನಾತಗ. ತಗೀಬ್ಯಾಡ್ರಿ.

ತಪ್ಪು ತಿದ್ದಿದೆ.
ಶರಣು ಅಂತ ಬರಿಯಾಕ ಹೋಗಿ ಅಳಿಸಿದೆ,
ಮಲಗಿದವನ್ನ ಎಬ್ಬಿಸಿದಂಗ ಆದೀತು.
ನಲವತ್ತು ಸಾಲು ನಕಲು ಮಾಡಿಕೊಂಡೆ.

ಕೆಳಗ ದಾದಾಪೀರ ಗಾಡಿ ಹಾರ್ನ್ ಹೊಡದ.
ಬಂದೆ ಅಂದೆ.
ಹೋಗಲಿಲ್ಲ.