ಒಂದು ಗೇಣು ಬರಿಗಲ್ಲು

ಕಿಟಕಿಯಾಚೆ ವೇಸರ್ ನದಿ ಕಡಲಿಗೆ ಬೀಳುವ ಬೂದು ಬಾಯಿ.
ಇಷ್ಟು ಉಪ್ಪುನೀರು ಕಣ್ಣೆದುರೇ ಇದ್ದೂ
ಉಪ್ಪನ್ನು ಬಕೆಟ್ಟಿನಲ್ಲಿ ಕೊಂಡು ತರುತ್ತೇನೆ,
ಮೂರು ಮಹಡಿ ಹೊತ್ತು.
ಓನೋ ನಗುತ್ತಾನೆ. ಬಂದರಿನ ಕ್ರೇನಿನಲ್ಲಿ ಅವನಿಗೆ ರಾತ್ರಿ ಪಾಳಿ;
ನನಗೆ ಹಗಲು, ಊರವರ ಹಲ್ಲು ಎರಕ ಹೊಯ್ಯುವ ಕೆಲಸ.
ಒಂದೇ ಹಾಸಿಗೆ, ಎರಡು ಸರದಿ.

ಹಗಲು ನೋಡಿದರೆ ತೊಟ್ಟಿಯೊಳಗೆ ಎಲ್ಲರೂ ಸಭ್ಯರು.
ಸುತ್ತಿಗೆ ಹವಳ ತಲೆದೂಗುತ್ತದೆ,
ತೊಗಲು ಹವಳ ಕೆಲಸ ಬಿಟ್ಟ ದೊಡ್ಡಪ್ಪನಂತೆ ಸುಮ್ಮನೆ ಕೂತಿದೆ,
ಮಿದುಳು ಹವಳ ಹಸಿರು ಮುಷ್ಟಿ, ಕದಲುವುದಿಲ್ಲ.
ಆದರೂ ವಾರದಿಂದ ವಾರಕ್ಕೆ
ಸುತ್ತಿಗೆಯ ಎಡಮಗ್ಗುಲು ಬೆಳ್ಳಗೆ,
ಮಾಂಸ ಹೋಗಿ ಎಲುಬು ಮಾತ್ರ.
ನೀರು ಪರೀಕ್ಷಿಸಿದೆ. ಬೆಳಕು ತಗ್ಗಿಸಿದೆ.
ಮೀನನ್ನು ಬೈದೆ.

ಕೊನೆಗೆ ಕಂಡವನು ಓನೋ.
ಬೆಳಗಿನ ಮೂರಕ್ಕೆ, ಒಂದು ಬೂಟು ಕಾಲಲ್ಲೇ ಇರುವಾಗ
ಕೆಂಪು ಟಾರ್ಚು ಹಿಡಿದು ಎಬ್ಬಿಸಿದ:
“ವೀಬ್ಕೆ, ಬಾ ನೋಡು, ನಿನ್ನ ಮಿದುಳಿಗೆ ಕೈ ಬಂದಿದೆ.”
ಹೌದು. ಮುಷ್ಟಿ ಬಿಚ್ಚಿ
ಗಾಜಿನ ಬಣ್ಣದ ಎಳೆಗಳು, ತುದಿಗೊಂದು ಬಿಳಿ ಚುಕ್ಕೆ,
ಪಕ್ಕದವಳ ಮೈ ತಡವುತ್ತ,
ಆತುರವಿಲ್ಲದೆ ಸುಡುತ್ತ.

ನೀರು ನೂಕುವ ಪಂಪನ್ನು ಆಚೆ ತಿರುಗಿಸಿದೆ.
ಎಳೆಗಳೂ ಆಚೆ ತಿರುಗಿದವು;
ಅಲ್ಲಿ ಅಣಬೆ ಹವಳಗಳಿದ್ದವು.
ತೊಗಲಿನ ದೊಡ್ಡಪ್ಪ ಕೈ ಎತ್ತುವವನೇ ಅಲ್ಲ,
ನೀರಿಗೇ ವಿಷ ಕದಡುತ್ತಾನೆ. ಅವನಿಗೆಂದು
ಇದ್ದಿಲ ಚೀಲ, ತಿಂಗಳಿಗೆ ಎರಡು.

ಭಾನುವಾರ ಸದ್ದು ಕೂಡದು ಇಲ್ಲಿ. ಶನಿವಾರವೇ
ಹಲ್ಲು ಕೊಯ್ಯುವ ವಜ್ರದ ಚಕ್ರ ಮನೆಗೆ ತಂದು
ಮಿದುಳನ್ನು ಸೀಳಿದೆ. ಅದೇ ವಾಸನೆ,
ನನ್ನ ಕೋಟಿನಿಂದ ಎಂದೂ ಹೋಗದ್ದು,
ಜೊತೆಗೆ ಇಳಿತದ ಹೊತ್ತಿನ ಕೆಸರು.
ಅರ್ಧ, ಕೆಳಮಹಡಿಯ ಯಾದ್ವಿಗಾಳ ತೊಟ್ಟಿಗೆ
(ರಾತ್ರಿ ಕೈ ಬರುತ್ತದೆ ಎಂದು ಹೇಳಿಯೇ ಕೊಟ್ಟೆ).
ಉಳಿದರ್ಧ ಬಲಮೂಲೆಗೆ. ಅಂಟು ಹಿಡಿಯುವಷ್ಟರಲ್ಲಿ
ಹೆಬ್ಬೆರಳೂ ಕಲ್ಲು ಹಿಡಿದಿತ್ತು;
ಚರ್ಮ ಒಂದಿಷ್ಟು ಅಲ್ಲೇ ಇದೆ.
ನಡುವೆ ಒಂದು ಗೇಣು ಬರಿಗಲ್ಲು ಬಿಟ್ಟೆ.

“ಖಾಲಿ ಯಾಕೆ? ಕೆಂಪಗಿನದೊಂದು ತಂದು ಇಡು” ಅಂದ ಓನೋ.
“ಬೇಡ. ಬೆರಳು ಕೊಟ್ಟರೆ ಹಸ್ತ ನುಂಗುವ ಜಾತಿ.”
ಆಕಳಿಸಿ, ನನ್ನ ಮಗ್ಗುಲಿನ ಬಿಸಿ ಆರುವ ಮೊದಲೇ
ಹೋಗಿ ಮಲಗಿದ.

ಆ ಬಯಲಲ್ಲಿ ಒಂದು ಬಸವನಹುಳು ಮೇಯುತ್ತದೆ.
ಕಲ್ಲು ನೇರಳೆಯಾಗಿದೆ, ಯಾರೂ ಹಚ್ಚದ ಬಣ್ಣ.
ಇವತ್ತು, ಏಳು ತಿಂಗಳ ಮೇಲೆ,
ಗಾಜಿಗೆ ಅಂಗೈ ಚಾಚಿ ಅಳೆದು ನೋಡಿದೆ.
ಕಿರುಬೆರಳಿಗೆ ಜಾಗವಿಲ್ಲ.