ಫ್ಯಾನು ಇನ್ನೂ ಎರಡರಾಗದ

ಉಸಿರು ನಿಂದರಬಾರ್ದು, ಅಂತಾರ ಮಕಬೂಲ ಮಾಸ್ತರ.
ನಾಲಿಗಿ ಬರತದ, ಹೋಗತದ,
ಉಸಿರು ಅಲ್ಲೇ ಇರಬೇಕು.
ಶಹಾಬಾದ ಸ್ಟೇಷನ್ನಿನ ಗಾಡಿಯಂಗಲ್ಲ,
ಹಳಿಯಂಗ.

ನಾ ಹದಿನೆಂಟು ವರ್ಷ ಗಣಿಯಾಗ ಪರಸಿ ಎಬ್ಬಿಸಿದಾಂವ.
ನನ್ನ ನಾಲಿಗಿ ಭೀ ಕೂಲಿಗೇ ಹೋಗತಿತ್ತು,
ಒಂದೊಂದು ಸ್ವರಕ್ಕ ಒಂದೊಂದು ಸುತ್ತಿಗಿ ಪೆಟ್ಟು.

ಮೊನ್ನಿ ಒಂದು ಮದುವಿ ಮೆರವಣಿಗಿ, ಜಲ್ದಿ ಚಾಲಿನ ಹಾಡು.
ಡೋಲಿನ ಸಿದ್ರಾಮ ಕಣ್ಣು ಹೊಡದು ಲಯ ಏರಿಸಿಬಿಟ್ಟ.
ಬೆರಳು ಓಡಿದ್ವು. ನಾಲಿಗಿ ಓಡಲಿಲ್ಲ.
ಥಪ್ ಥಪ್ ಥೂ ಥಪ್
ಕುದರಿ ಮ್ಯಾಲಿನ ಮದುಮಗ ಹೊಳ್ಳಿ ನೋಡಿದ,
ತನ್ನ ಬೆನ್ನಿಗಿ ಯಾರು ಉಗುಳಲತ್ತಾರ ಅಂತ.

ರಾತ್ರಿ ಬ್ಯಾಂಡಿನ ಕೋಣ್ಯಾಗ
ಜರಿ ಟೊಪ್ಪಿಗಿ ಮೊಳಿಗಿ ಹಾಕಿ, ಬೂಟು ಬಿಚ್ಚಿ ಕುಂತಾಗ
ಮಾಸ್ತರ ಕೇಳಿದ್ರು:
ಊದಬೇಕಾದ್ರ ಒಳಗ ಯಾವ ಅಕ್ಷರ ಅಂತೀ?
ಅಕ್ಷರ?
ಹೂಂ. ನಾಲಿಗಿ ಸುಮ್ಮ ಇರೂದಲ್ಲ, ಏನೋ ಒಂದು ಅಂದೇ ಅಂತದ.

ಟ, ಅಂದೆ.
ಅದಕ್ಕೇ! ಟ ಅಂದ್ರ ಹಿಂದಕ್ಕ ಮಡಚಿ ಅಂಗಳ ಬಡೀತದ.
ಟಪಾಲು, ಟಾಂಗಾ, ಟಿಕೇಟು,
ಎಲ್ಲಾ ಊರು ಬಿಟ್ಟು ಹೋಗೂ ಗಡಿಬಿಡಿ.
ತ ಅಂದು ನೋಡು.
ಅಂದೆ. ಮಾಸ್ತರ ಮುಖ ಕಿವುಚಿದ್ರು.
ತಾ, ತಗಿ, ತಡಿ. ಬಡ್ಡಿಯವನ ಮಾತಿದು.
ದ ಅನ್ನು.
ದಾರ. ದವನ. ದಮ್ಮು.
ಹಿಡದ್ರ ಸಿಕ್ಕೂ ಸಿಗದಂಥವು.

ಮನ್ಯಾಗಿನ ಫ್ಯಾನಿನ ಒಂದು ರೆಕ್ಕಿ ಡೊಂಕು,
ಸುತ್ತಿಗೊಮ್ಮೆ ಟಕ್ ಅಂತದ.
ಅದೇ ನನ್ನ ತಾಳ.
ಒಂದನೇ ನಂಬರಿಗಿಟ್ಟು ಒಂದೇ ಸ್ವರ,
ದ, ದ, ದ, ದ,
ತುದಿಗಿ ತುದಿ ತಾಗಿ.
ಹನ್ನೊಂದು ದಿನ.
ಏಪ್ರಿಲ್ಲಿನ ಸೆಕಿ. ಪರಸಿ ನೆಲ ಭೀ ಕಾದು ಕುಂತಿತ್ತು.
ಕುದ್ದು ಹೋಗಲತ್ತೀನ್ರೀ, ಫ್ಯಾನ್ ಜೋರ ಮಾಡ್ರಿ,
ಅಂತಾಳ ಭೀಮಬಾಯಿ.
ತಡಿ, ನಂಗಿನ್ನೂ ಎರಡನೇ ನಂಬರು ಬಂದಿಲ್ಲ, ಅಂತೀನಿ.
ಆಕಿ ರೊಟ್ಟಿ ಬುಟ್ಟಿ ಮುಚ್ಚಳದಿಂದ ಗಾಳಿ ಬೀಸಕೋತ
ನನ್ನ ಊದೂ ಕೊಳವಿ ಕಡಿ ನೋಡೂ ನೋಟ
ಬರಿಲಾಕ ಬರಂಗಿಲ್ಲ.

ಗಣಿಯಾಗ ಗುದ್ದಿದ್ರ ಪದರು ಒಡೀತದ.
ಅಂಚಿಗಿ ಉಳಿ ಹಿಡದು, ಸುತ್ತ ಮುಟಗೋತ ಹೋದ್ರ
ಕಲ್ಲು ಒಂದು ಉಸಿರು ಬಿಟ್ಟಂಗ ಮಾಡಿ ತಾನೇ ಏಳತದ.
ಕೈಗಿ ಇದು ಗೊತ್ತಿತ್ತು.
ನಾಲಿಗಿಗಿ ಹೇಳಿರಲಿಲ್ಲ,
ಒಂದೇ ಮನ್ಯಾಗಿದ್ದು ಮಾತು ಬಿಟ್ಟ ಅಣ್ಣತಮ್ಮರಂಗ.

ಸ್ವರ ಬಡದಾಗ ಹುಟ್ಟೂದಿಲ್ಲ.
ಬಿಟ್ಟಾಗ.

ಇವತ್ತು ಎರಡಕ್ಕಿಟ್ಟೆ. ಹದಿನಾರೂ ಬಂದ್ವು,
ಹದಿನೇಳನೇದು ಮತ್ತ ಟ.
ರೀಡು ತಗದು ದೀಪಕ್ಕ ಹಿಡದ್ರ
ತುದಿ ಮ್ಯಾಲ ನಾಲಿಗಿ ಗುರುತು,
ಒಂದು ಜೋಳದ ಕಾಳಿನಷ್ಟು ಒದ್ದಿ.
ಮೊದಲ ಅಂಗೈ ಅಗಲ ಇರತಿತ್ತು, ಸುಳ್ಳಲ್ಲ.

ಮತ್ತ ಕಟ್ಟಿದೆ, ಮತ್ತ ಊದಿದೆ.
ಕರೆಂಟು ಹೋಯ್ತು.
ರೆಕ್ಕಿ ನಿಂದರಲಾಕ ಹತ್ತಿದ್ವು.
ಟಕ್... ಟಕ್...
ಟಕ್...
ನಾನೂ ಅದರ ಸಂಗಟ ಇಳದೆ,
ಒಂದೊಂದು ದ ನಡುವ ಜಾಗ ಹಿಗ್ಗಕೋತ, ಹಿಗ್ಗಕೋತ.
ಕಡೀ ಟಕ್ ಬರಲೇ ಇಲ್ಲ.
ನಾಲಿಗಿ ರೀಡಿನ ಮುಂದ ಕಾಯ್ಕೋತ ನಿಂತಿತ್ತು.
ಸ್ವರ ಹೊಂಟೇ ಇತ್ತು, ಕತ್ತಲಾಗ, ಹಳಿಯಂಗ.

ಕರೆಂಟು ಬಂದ್ಮ್ಯಾಲ ಮೂರಕ್ಕಿಡ್ರಿ,
ಅಂದಳು ಭೀಮಬಾಯಿ, ಆ ಕಡಿ ಹೊಳ್ಳಿಕೋತ.